ಹನ್ನೊಂದನೆಯ ಕಾಲಂ

ನಮ್ಮ ಕಚೇರಿಯಲ್ಲಿ ಯಾರಾದರೂ ತೀರಿಕೊಂಡರೆ ಅವರ ಕುರ್ಚಿ ವಾರದೊಳಗೆ ಬೇರೆಯವರ ಪಾಲಾಗುತ್ತದೆ. ಅವರು ಬರೆದ ವಾಕ್ಯಗಳು ಮಾತ್ರ ಎಲ್ಲಿಗೂ ಹೋಗುವುದಿಲ್ಲ. ನಾವು ಅನುವಾದಕರು. ಔಷಧಿ ಡಬ್ಬಿಯೊಳಗೆ ಮಡಚಿಟ್ಟಿರುವ ಚೀಟಿ, ಬಟ್ಟೆ ಒಗೆಯುವ ಯಂತ್ರದ ಕೈಪಿಡಿ, ಲಿಫ್ಟಿನ ಗೋಡೆಗೆ ಅಂಟಿಸುವ ಸೂಚನೆ, ಆಸ್ಪತ್ರೆಯ ಫಾರಂ, ಇಂಥವನ್ನೆಲ್ಲ ನಮ್ಮ ಭಾಷೆಗೆ ತರುವುದು ನಮ್ಮ ಕೆಲಸ. ಒಮ್ಮೆ ಅನುವಾದ ಮಾಡಿದ ವಾಕ್ಯ ತನ್ನ ಮೂಲದ ಜೊತೆಗೆ ಕಂಪ್ಯೂಟರಿನಲ್ಲಿ ಕೂತಿರುತ್ತದೆ. ಅದನ್ನು ನಾವು ಮೆಮೊರಿ ಅನ್ನುತ್ತೇವೆ. ಐದು ವರ್ಷ ಬಿಟ್ಟು ಅದೇ ಥರದ ವಾಕ್ಯ ಮತ್ತೆ ಬಂದರೆ ಹಳೆಯದು ತಾನಾಗಿ ಎದ್ದು ಬಂದು ಎದುರಿಗೆ ನಿಲ್ಲುತ್ತದೆ. ಬಿಡಿ ಪದಗಳಿಗೆ ಬೇರೆ ಪದಕೋಶವಿದೆ. ಪ್ರತಿ ಪದದ ಕೆಳಗೂ ಕಾಲಂಗಳು: ಗ್ರಾಹಕರು ಯಾರು, ವಿಷಯ ಯಾವುದು, ಪದ ಬಳಸಬಹುದೋ ಬಾರದೋ, ಕೊನೆಗೆ ತಿದ್ದಿದವರು ಯಾರು, ಯಾವ ದಿನ, ಎಷ್ಟು ಗಂಟೆಗೆ.

ಅಕ್ಕ ಹೋಗಿ ಐದು ತಿಂಗಳಾಗಿತ್ತು. ಆ ಐದು ತಿಂಗಳಲ್ಲಿ ದಿನಕ್ಕೆ ಹತ್ತು ಸಲವಾದರೂ ಅವಳ ವಾಕ್ಯ ನನ್ನೆದುರು ಬಂದು ನಿಂತಿದೆ. 'ಮಕ್ಕಳ ಕೈಗೆ ಸಿಗದಂತೆ ಇಡಿ' ಅವಳದು. 'ಅಗಿಯದೆ ನುಂಗಿ' ಅವಳದು. ನೋಡಿದಾಗ ನನಗೆ ಅಳು ಬರುತ್ತಿರಲಿಲ್ಲ, ಸಿಟ್ಟು ಬರುತ್ತಿತ್ತು. ಸಿಟ್ಟು ನನಗೆ ಹುಟ್ಟಿನಿಂದಲೂ ಮೂಗಿನ ತುದಿಯಲ್ಲೇ. ಅದಕ್ಕೇ ಅಕ್ಕ ನನ್ನನ್ನು ಚಿಕ್ಕಂದಿನಿಂದ ಕರೆಯುತ್ತಿದ್ದದ್ದು ಮೆಣಸಿನಕಾಯಿ ಎಂದು. ಆ ಹೆಸರಿನಿಂದ ನನ್ನನ್ನು ಕರೆಯುವ ಹಕ್ಕು ಇನ್ಯಾರಿಗೂ ಇರಲಿಲ್ಲ.

ನಮ್ಮಿಬ್ಬರಿಗೆ ಅಪ್ಪ ಅಮ್ಮ ಬೇಗ ಹೋದರು. ನನಗಿಂತ ಆರು ವರ್ಷ ದೊಡ್ಡವಳಾದ ಅಕ್ಕ ನನ್ನ ತಲೆ ಬಾಚಿದ್ದಾಳೆ, ಶಾಲೆಗೆ ಬಿಟ್ಟಿದ್ದಾಳೆ, ಕೊನೆಗೆ ತಾನು ಕೆಲಸಕ್ಕೆ ಸೇರಿದ ಕಚೇರಿಗೆ ನನ್ನನ್ನೂ ಎಳೆದುಕೊಂಡು ಬಂದಿದ್ದಾಳೆ. ನಾನು ಸೇರಿದ ಮೊದಲ ವರ್ಷವೇ ಒಂದು ಲಿಫ್ಟಿನ ಕೈಪಿಡಿಯಲ್ಲಿ 'ಬಾಗಿಲು ಮುಚ್ಚಿದ ಮೇಲೆ ಕೈ ತೆಗೆಯಿರಿ' ಎಂದು ಬರೆದುಬಿಟ್ಟೆ. ಮುಚ್ಚುವ ಮೊದಲು ಎಂದು ಇರಬೇಕಿತ್ತು. ಲಿಫ್ಟ್ ರಿಪೇರಿ ಮಾಡುವವರೊಬ್ಬರು ಆ ಪುಸ್ತಕ ಹಿಡಿದುಕೊಂಡು ನೇರ ಕಚೇರಿಗೇ ಬಂದರು. "ಯಾರ್ರೀ ಇದನ್ನ ಬರೆದೋರು? ನನಗಿರೋದು ಎರಡೇ ಕೈ" ಅಂದರು. ನಾನು ಮೇಜಿನ ಕೆಳಗೆ ಬಗ್ಗಿ ಬೀಳದ ಪೆನ್ನನ್ನು ಹುಡುಕುತ್ತ ಕೂತೆ. ಅಕ್ಕ ಎದ್ದು ನಿಂತು, "ನಾನೇ ಬರೆದಿದ್ದು, ತಪ್ಪಾಯ್ತು" ಅಂದಳು. ಅವರು ಮತ್ತೆ ಮೂರು ಸಲ ಬಂದರು, ತಪ್ಪೇ ಇಲ್ಲದ ಪುಟಗಳಲ್ಲಿ ತಪ್ಪು ಹುಡುಕಿಕೊಂಡು. ವರ್ಷ ತುಂಬುವುದರೊಳಗೆ ನನಗೆ ಭಾವ ಆದರು. ತಪ್ಪು ನನ್ನದು, ಗಂಡ ಅವಳಿಗೆ! ಈ ಮಾತನ್ನು ಅವರ ಮನೆಯಲ್ಲಿ ನಾನು ನೂರು ಸಲ ಹೇಳಿರಬಹುದು, ಭಾವ ನೂರು ಸಲವೂ ನಕ್ಕಿದ್ದಾರೆ.

ಇಷ್ಟು ಹೇಳಿದ ಮೇಲೆ ಜಗಳದ ವಿಷಯವನ್ನೂ ಹೇಳಿಬಿಡಬೇಕು. ಪದಕೋಶದ ಉಸ್ತುವಾರಿ ಅಕ್ಕನಿಗೆ ಸಿಕ್ಕಿತು. ಒಂದು ಸೋಮವಾರ ನಾನು ಬಂದು ಕಂಪ್ಯೂಟರ್ ತೆರೆದರೆ ನನ್ನ ನಲವತ್ತೊಂದು ಪದಗಳು ಕೆಂಪಾಗಿವೆ. ಕೆಂಪು ಅಂದರೆ 'ಬಳಸಬಾರದು'. ಔಷಧಿ ಮತ್ತು ಆಸ್ಪತ್ರೆಯ ಕೆಲಸವನ್ನು ಒಂಬತ್ತು ವರ್ಷ ಹೆಚ್ಚಾಗಿ ಮಾಡಿದವಳು ನಾನು, ಆ ಪದಗಳನ್ನು ಒಂದೊಂದಾಗಿ ಕಟ್ಟಿದವಳು ನಾನು. ನನಗೆ ಆಡುವ ಮಾತಿನ ಪದಗಳು ಬೇಕು, ಅಕ್ಕನಿಗೆ ಇಸ್ತ್ರಿ ಹಾಕಿದ ಪದಗಳು. ಆಸ್ಪತ್ರೆಯಲ್ಲಿ ರೋಗಿಯ ಪಕ್ಕ ಕೂರುವವರಿಗೆ ನಾನು 'ಜೊತೆಗಿರುವವರು' ಎಂದು ಬರೆದಿದ್ದೆ. ಅವಳು ಅದಕ್ಕೆ ಕೆಂಪು ಹಾಕಿ 'ಪರಿಚಾರಕರು' ಎಂದು ಕೂರಿಸಿದ್ದಳು. ಇಡೀ ಕಚೇರಿಯ ತೆರೆಗಳ ಮೇಲೆ ನನ್ನ ಒಂಬತ್ತು ವರ್ಷ ಕೆಂಪಾಗಿ ಮಿನುಗುತ್ತಿತ್ತು.

ನಾನು ಎದ್ದು ನಿಂತು ಎಲ್ಲರೆದುರು ಕೂಗಾಡಿದೆ. "ಕೆಲ್ಸದ್ದು ಕೆಲ್ಸದಲ್ಲೇ ಇರ್ಲಿ ಮೆಣಸಿನಕಾಯಿ, ಮನೆಗೆ ತರಬೇಡ" ಅಂದಳು ಅಕ್ಕ, ಮೆಲ್ಲಗೆ. ಎಲ್ಲರೆದುರು ಆ ಹೆಸರು ಬೇರೆ. "ನೀನು ಅಕ್ಕ ಅಷ್ಟೇ, ಅಮ್ಮ ಅಲ್ಲ. ಅಮ್ಮ ಆಗೋಕೆ ಬರಬೇಡ" ಅಂದೆ. ಅವಳ ಮುಖ ಹೇಗಾಯಿತು ಎಂದು ನೋಡಲಿಲ್ಲ. ನೋಡಿದ್ದರೆ ಅಲ್ಲೇ ಮುಗಿಯುತ್ತಿತ್ತೋ ಏನೋ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಅವತ್ತಿನಿಂದ ಮಾತು ಬಿಟ್ಟೆ. ಫೋನಿನಲ್ಲಿ ಅವಳ ನಂಬರು ಬರದಂತೆ ತಡೆದೆ. ಅವಳ ಮೇಜು ಸರಿಯಾಗಿ ನನ್ನ ಬೆನ್ನ ಹಿಂದೆ. ಎಂಟು ತಿಂಗಳು ನಾನು ಹಿಂತಿರುಗಿ ನೋಡಲಿಲ್ಲ. ಅವಳು ಎದ್ದು ನನ್ನ ಕಡೆ ಬಂದರೆ ನಾನೆದ್ದು ನೀರು ಕುಡಿಯಲು ಹೋಗುತ್ತಿದ್ದೆ. ಆ ಎಂಟು ತಿಂಗಳು ನಾನು ಕುಡಿದಷ್ಟು ನೀರನ್ನು ಆ ಕಚೇರಿಯಲ್ಲಿ ಯಾರೂ ಕುಡಿದಿರಲಿಕ್ಕಿಲ್ಲ. ಆದರೆ ದಿನಾ ಬೆಳಿಗ್ಗೆ ಆ ಕೆಂಪು ಪದಗಳನ್ನು ಮಾತ್ರ ಒಂದೊಂದಾಗಿ ತೆರೆದು ನೋಡುತ್ತಿದ್ದೆ. ಹುಳುಕು ಹಲ್ಲನ್ನು ನಾಲಿಗೆ ಮತ್ತೆ ಮತ್ತೆ ಮುಟ್ಟುತ್ತದಲ್ಲ, ಹಾಗೆ. ಯಾವುದಾದರೂ ಪದದ ಕೆಳಗೆ ತಿದ್ದಿದ ತಾರೀಖು ಬದಲಾಗಿದ್ದರೆ, ಇನ್ನೂ ಕೆದಕುತ್ತಲೇ ಇದ್ದಾಳೆ ಎಂದು ಸಿಟ್ಟು ಇನ್ನಷ್ಟು ಏರುತ್ತಿತ್ತು.

ಏಳು ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಅದರಲ್ಲೊಂದು ಪದ ಹಸಿರಾಯಿತು. 'ಜೊತೆಗಿರುವವರು: ಬಳಸಬಹುದು.' ನಾನು ಗೆದ್ದೆ ಅಂದುಕೊಂಡೆ. ಆ ಖುಷಿಗೆ ಎರಡು ಲೋಟ ಟೀ ಕುಡಿದೆ, ಆಗಲೂ ತಿರುಗಿ ನೋಡಲಿಲ್ಲ. ಕೆಲವು ವಾರದಲ್ಲಿ ಅಕ್ಕ ರಜೆ ಹಾಕಿದಳು. ಏನೆಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮನೆ ಬದಲಾಯಿಸುತ್ತಿರಬೇಕು ಅಂದುಕೊಂಡೆ. ಅದೇ ವಾರದ ಶುಕ್ರವಾರ ಮಧ್ಯಾಹ್ನ ಭಾವ ಫೋನ್ ಮಾಡಿದರು. "ಹೋದ್ಲು" ಎಂದಷ್ಟೇ ಹೇಳಿ ಆಸ್ಪತ್ರೆಯ ಹೆಸರು ಹೇಳಿದರು. ಓಡಿದೆ. ಆಸ್ಪತ್ರೆಯ ಉದ್ದನೆಯ ಮೊಗಸಾಲೆಯಲ್ಲಿ ಭಾವ ಗೋಡೆಗೆ ಒರಗಿ ನಿಂತಿದ್ದರು. ನನ್ನನ್ನು ನೋಡಿ, "ಈಗ ಬಂದ್ಯಾ?" ಅಂದರು. ಆಮೇಲೆ ಐದು ತಿಂಗಳು ಅವರು ನನ್ನ ಜೊತೆ ಒಂದು ಮಾತೂ ಆಡಲಿಲ್ಲ.

ನಾನು ಅದಕ್ಕೂ ಸಿಟ್ಟು ಮಾಡಿಕೊಂಡೆ. ಅವಳಿಗೆ ಹುಷಾರಿಲ್ಲ ಎಂದು ನನಗೆ ಯಾರು ಹೇಳಿದ್ದರು? ಹೊಟ್ಟೆಯಲ್ಲಿ ಗಡ್ಡೆ, ಆಪರೇಷನ್ನು, ಎಲ್ಲ ಮುಚ್ಚಿಟ್ಟು ಈಗ ಬಂದ್ಯಾ ಎಂದು ಕೇಳಿದರೆ? ಜಗಳ ಆಡಿದ ಮಾತ್ರಕ್ಕೆ ನಾನು ತಂಗಿ ಅಲ್ಲದೆ ಹೋದೆನೇ? ರಾತ್ರಿ ಹೊರಳಾಡುವಾಗೆಲ್ಲ ಈ ಪ್ರಶ್ನೆಯನ್ನೇ ಅಪ್ಪಿಕೊಂಡು ಮಲಗಿದ್ದೇನೆ. ಅದೊಂದೇ ನನಗೆ ಆಸರೆಯಾಗಿತ್ತು.

ಮೊನ್ನೆ ಮಂಗಳವಾರ ಆ ಆಸರೆಯೂ ಕಳಚಿಬಿತ್ತು.

ಕಚೇರಿಗೆ ಹೊಸ ವ್ಯವಸ್ಥೆ ಬರುತ್ತಿತ್ತು. ಹಳೆಯ ಮೆಮೊರಿ, ಹಳೆಯ ಪದಕೋಶ ಎಲ್ಲ ಶುಕ್ರವಾರ ಮಧ್ಯಾಹ್ನದೊಳಗೆ ಹೊಸದಕ್ಕೆ ಹೋಗಬೇಕು, ಆಮೇಲೆ ಹಳೆಯದನ್ನು ಅಳಿಸುತ್ತಾರೆ. ಅಕ್ಕನ ಜಾಗದಲ್ಲಿ ಉಸ್ತುವಾರಿ ಈಗ ನನ್ನ ತಲೆಗೆ ಬಂದಿತ್ತು. ಕಂಪ್ಯೂಟರ್ ನೋಡಿಕೊಳ್ಳುವವರು ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಕೊರಳಲ್ಲಿ ಸದಾ ಒಂದು ವೈರು ಜೋತುಬಿದ್ದಿರುವುದರಿಂದ ಅವರನ್ನು ನಾವೆಲ್ಲ ಕರೆಯುವುದು ವೈರಣ್ಣ ಎಂದು. ಅವರಿಗೂ ಅದೇ ಅಭ್ಯಾಸವಾಗಿ ಫೋನಿನಲ್ಲಿ, "ಹಲೋ, ವೈರಣ್ಣ ಮಾತಾಡ್ತಿರೋದು" ಅನ್ನುತ್ತಾರೆ.

"ನೋಡಮ್ಮ," ಅಂದರು, "ಹಳೇದರಲ್ಲಿ ನಾವು ನಾವೇ ಸೇರಿಸ್ಕೊಂಡಿರೋ ಕಾಲಂಗಳು ಹೊಸದರಲ್ಲಿ ತಾನಾಗಿ ಹುಟ್ಟಲ್ಲ. ಒಂದೊಂದಕ್ಕೂ ಅಲ್ಲಿ ಜಾಗ ಮಾಡಿ, ಇದು ಇಲ್ಲಿಗೆ ಅಂತ ಗಂಟು ಹಾಕ್ಬೇಕು. ಜಾಗ ಇಲ್ಲದ್ದು ಬಿದ್ದು ಹೋಗುತ್ತೆ. ಇನ್ನೊಂದು, ಮಧ್ಯದಲ್ಲಿ ಏನೂ ತಿದ್ದೋಕೆ ಹೋಗ್ಬೇಡ. ಒಂದಕ್ಷರ ಮುಟ್ಟಿದ್ರೂ 'ಕೊನೆಗೆ ತಿದ್ದಿದವರು' ಅನ್ನೋ ಕಡೆ ನಿನ್ನ ಹೆಸ್ರು ಬಂದು ಕೂರುತ್ತೆ. ಹಳೇ ಹೆಸ್ರು ಹೋಯ್ತು ಅಂದ್ರೆ ಹೋಯ್ತು, ಬ್ರಹ್ಮ ಬಂದ್ರೂ ವಾಪಸ್ ತರೋಕಾಗಲ್ಲ."

ನನ್ನ ಪಟ್ಟಿಯಲ್ಲಿ ಹತ್ತು ಕಾಲಂಗಳಿದ್ದವು. ವೈರಣ್ಣ ತಮ್ಮ ಪಟ್ಟಿಯನ್ನು ಗಟ್ಟಿಯಾಗಿ ಓದುತ್ತ ಹೋದರು, ನಾನು ಒಂದೊಂದಕ್ಕೂ ಗೀಟು ಹಾಕುತ್ತ ಹೋದೆ. ಗ್ರಾಹಕ, ವಿಷಯ, ವರ್ಷ, ಮೂಲ ಪುಸ್ತಕ. ಹತ್ತು ಮುಗಿಯಿತು. ಅವರು ನಿಲ್ಲಿಸಲಿಲ್ಲ.

"ಹನ್ನೊಂದು, ಮೆಣಸಿನಕಾಯಿ. ಇದೇನಮ್ಮ, ಮಸಾಲೆಪುಡಿ ಕಂಪನಿ ಗ್ರಾಹಕರು ಯಾರಾದ್ರೂ ಇದ್ರಾ?"

ನನ್ನ ಕೈಯ ಪೆನ್ನು ನಿಂತಿತು. "ಏನಂದ್ರಿ?"

"ಮೆಣಸಿನಕಾಯಿ. ಕಾಲಂ ಹೆಸ್ರು. ಇಪ್ಪತ್ತಾರು ಪದಗಳಲ್ಲಿ ತುಂಬಿದೆ, ಎಲ್ಲ ಆಸ್ಪತ್ರೆ ಪದಗಳು. ಮಾಡಿದೋರು..." ಅವರು ಕನ್ನಡಕ ಸರಿಮಾಡಿಕೊಂಡು ಅಕ್ಕನ ಹೆಸರು ಓದಿದರು. ಆಮೇಲೆ ತಾರೀಖು ಓದಿದರು. ಜಗಳವಾಗಿ ಸರಿಯಾಗಿ ಹತ್ತನೆಯ ದಿನ.

"ನನ್ನ ತೆರೆಯಲ್ಲಿ ಇದು ಒಂದು ದಿನವೂ ಕಂಡಿಲ್ಲ" ಅಂದೆ.

"ಕಾಣಲ್ಲ. ಹೊಸ ಕಾಲಂ ಮಾಡಿದೋರಿಗೆ ಮಾತ್ರ ತಾನಾಗಿ ಕಾಣುತ್ತೆ. ಮಿಕ್ಕೋರು ತಮ್ಮ ತಮ್ಮ ಕಂಪ್ಯೂಟರಿನಲ್ಲಿ ಅದರ ಮುಂದೆ ಟಿಕ್ ಹಾಕ್ಕೋಬೇಕು. ಹೊಸ ಕಾಲಂ ಬಂದಾಗೆಲ್ಲ ನಾನು ಮೇಜಿಂದ ಮೇಜಿಗೆ ಸುತ್ತೋದು ಮತ್ತೆ ಯಾಕೆ ಅಂದ್ಕೊಂಡೆ, ಎಲ್ಲರ ಮುಖ ನೋಡೋಕಾ?"

"ಅಕ್ಕನಿಗೆ ಇದು ಗೊತ್ತಿತ್ತಾ?"

ವೈರಣ್ಣ ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡಿದರು. "ಅವ್ರು ಕೈಯಾರೆ ಮಾಡಿದ ಕಾಲಂ ಇದೊಂದೇ. ನನ್ನನ್ನ ಒಂದು ಮಾತು ಕೇಳಿದ್ರೆ ಹೇಳ್ತಿದ್ದೆ." ಆಮೇಲೆ ನನ್ನ ಮುಖ ನೋಡಿ, ಏನು ಕಂಡಿತೋ, "ಟೀ ಕುಡಿದು ಬರ್ತೀನಿ" ಎಂದು ಎದ್ದು ಹೋದರು.

ನಾನು ಟಿಕ್ ಹಾಕಿದೆ. ಒಂದೇ ಒಂದು ಸಣ್ಣ ಗೀಟು. ಮೊದಲ ಕೆಂಪು ಪದ ತೆರೆದೆ. 'ಗುಳಿಗೆ'. ಅದರ ಕೆಳಗೆ, ಎಂಟು ತಿಂಗಳು ಬರೀ ಖಾಲಿ ಕಂಡಿದ್ದ ಜಾಗದಲ್ಲಿ, ಅಕ್ಕ ಮಾತಾಡುತ್ತಿದ್ದಳು.

'ಫೋನ್ ಎತ್ತಲ್ಲ. ಹತ್ರ ಬಂದ್ರೆ ಎದ್ದು ಹೋಗ್ತೀಯ. ಈ ಕೆಂಪು ಪದಗಳನ್ನ ಮಾತ್ರ ದಿನಾ ತೆಗೆದು ನೋಡ್ತೀಯ, ಹಿಂದಿನಿಂದ ನನಗೆ ಕಾಣುತ್ತೆ. ಅದಕ್ಕೆ ಇಲ್ಲೇ ಬರೀತಿದೀನಿ. ಎಲ್ಲರ ಮುಂದೆ ಹಾಗೆ ಕೆಂಪು ಹಾಕಬಾರದಿತ್ತು, ಮೊದಲು ನಿನ್ನ ಕೇಳಬೇಕಿತ್ತು. ತಪ್ಪಾಯ್ತು ಮೆಣಸಿನಕಾಯಿ.'

ಹತ್ತನೆಯ ದಿನ ಅವಳು ತಪ್ಪಾಯ್ತು ಅಂದಿದ್ದಳು. ನಾನು ಬಯಸಿದ್ದು ಆ ಒಂದು ಮಾತನ್ನಲ್ಲದೆ ಬೇರೇನನ್ನೂ ಅಲ್ಲ. ಅದು ಬರಲಿಲ್ಲ ಎಂದು ಎಂಟು ತಿಂಗಳು ಹಟ ಹಿಡಿದು ಕೂತಿದ್ದೆ, ಅದರ ಮುಂದೆಯೇ ಕೂತಿದ್ದೆ.

ಎರಡನೆಯದು 'ಮುಲಾಮು' ಪದದಲ್ಲಿ. 'ನೀನು ಓದಿದೆ ಅಂತ ಗೊತ್ತು. ಇವತ್ತು ಬೆಳಿಗ್ಗೆ ಗುಳಿಗೆ ಪದ ತೆಗೆದಿಟ್ಕೊಂಡು ಹತ್ತು ನಿಮಿಷ ಕೂತಿದ್ದೆ. ಏನೂ ಹೇಳ್ಬೇಡ, ಸಿಟ್ಟು ಇಳೀಲಿ. ನಿನ್ನ ಸಿಟ್ಟು ನನಗೆ ಹೊಸದಾ?'

ಅವಳ ಮೇಜಿನಿಂದ ನನ್ನ ತೆರೆಯ ಮೇಲಿನ ಕೆಂಪು ಪದ ಕಾಣುತ್ತಿತ್ತು. ಕೆಳಗಿನ ಸಣ್ಣ ಅಕ್ಷರದ ಕಾಲಂಗಳಲ್ಲಿ ಯಾವುದಿದೆ, ಯಾವುದಿಲ್ಲ ಎಂದು ಅಷ್ಟು ದೂರಕ್ಕೆ ಕಾಣುತ್ತಿರಲಿಲ್ಲ. ತನ್ನ ಕಣ್ಣಿಗೆ ಕಂಡದ್ದು ನನ್ನ ಕಣ್ಣಿಗೂ ಕಂಡಿದೆ ಎಂದು ಅವಳು ನಂಬಿದಳು. ನಾನು ಕಣ್ಣಿದ್ದೂ ಕುರುಡಿಯಾಗಿ ಅವಳಿಗೆ ಬೆನ್ನು ತೋರಿಸಿಕೊಂಡು ಕೂತಿದ್ದೆ.

ಆಮೇಲಿನವು ವಾರಕ್ಕೊಂದರಂತೆ, ಕೆಲವು ಸಲ ಹತ್ತು ದಿನಕ್ಕೊಂದರಂತೆ. ಒಂದರಲ್ಲಿ ಬರೆದಿದ್ದಳು: 'ನಿನ್ನ ಭಾವ ಹೊಸ ಲಿಫ್ಟಿನ ಪುಸ್ತಕ ತಂದಿದ್ರು. ಬಾಗಿಲು ಮುಚ್ಚುವ ಮೊದಲು ಕೈ ತೆಗೆಯಿರಿ ಅಂತ ಸರಿಯಾಗೇ ಇದೆ, ಹೀಗಾದ್ರೆ ಮುಂದೆ ಯಾರಿಗೂ ಮದುವೆ ಆಗಲ್ಲ ಅಂದ್ರು. ನಕ್ಕು ನಕ್ಕು ಸಾಕಾಯ್ತು. ನಿನಗೆ ಹೇಳೋಣ ಅಂತ ತಿರುಗಿದೆ. ನಿನ್ನ ಬೆನ್ನು ನೋಡಿ ಸುಮ್ಮನಾದೆ.' ಇನ್ನೊಂದರಲ್ಲಿ ನನ್ನ ಹಸಿರು ಸ್ವೆಟರಿನ ಹಿಂದೆ ಹೊಲಿಗೆ ಬಿಟ್ಟಿದೆ ಎಂದು ಬರೆದಿದ್ದಳು. ಅದು ಈಗಲೂ ಬಿಟ್ಟೇ ಇದೆ. ಹಿಂದಿನಿಂದ ನೋಡುವವರು ಇನ್ಯಾರಿದ್ದಾರೆ ನನಗೆ?

ಐದನೆಯ ತಿಂಗಳಲ್ಲಿ, 'ಊತ' ಎಂಬ ಪದದಲ್ಲಿ: 'ಹೊಟ್ಟೆ ನೋವು ಅಂತ ಹೋಗಿದ್ದೆ. ಗಡ್ಡೆ ಇದೆ ಅಂದ್ರು. ಹೆದರಬೇಡ, ನಾನೂ ಹೆದರಿಲ್ಲ. ಈ ರೋಗದ ಚೀಟಿಗಳನ್ನ ನಾವೇ ಎಷ್ಟು ಮಾಡಿಲ್ಲ.' ಆರನೆಯ ತಿಂಗಳಲ್ಲಿ: 'ನಿನಗೆ ಫೋನ್ ಮಾಡ್ತೀನಿ ಅಂತ ಭಾವ ಕುಣೀತಿದ್ದಾರೆ. ಬೇಡ ಅಂದೆ. ಅವಳಿಗೆ ಎಲ್ಲ ಬರೆದಿದೀನಿ, ಓದ್ತಾ ಇದ್ದಾಳೆ, ಬರೋ ದಿನ ತಾನಾಗೇ ಬರ್ತಾಳೆ ಅಂದೆ.'

ಇಪ್ಪತ್ತಾರನೆಯದು, ಕೊನೆಯದು, 'ಜೊತೆಗಿರುವವರು' ಪದದ ಕೆಳಗಿತ್ತು. ನಾನು ಗೆದ್ದೆ ಎಂದು ಎರಡು ಲೋಟ ಟೀ ಕುಡಿದ ದಿನದ್ದು.

'ಇವತ್ತು ಬೆಳಿಗ್ಗೆ ಆಸ್ಪತ್ರೆ ಫಾರಂ ತುಂಬಿ ಬಂದೆ. ನಮ್ಮದೇ ಅನುವಾದ, ಹಳೇ ಪ್ರತಿ, ನಿನ್ನ ಪದವೇ ಇದೆ. ಪರಿಚಾರಕರು ಅಂತ ಇದ್ದಿದ್ರೆ ಭಯ ಆಗೋದು. ಜೊತೆಗಿರುವವರು ಅಂತ ಓದಿ ಸಮಾಧಾನ ಆಯ್ತು. ನೀನು ಹೇಳಿದ್ದೇ ಸರಿ, ಕೆಂಪು ತೆಗೆದಿದೀನಿ ನೋಡು. ಮುಂದಿನ ತಿಂಗಳು ಮೊದಲನೇ ಗುರುವಾರ, ಬೆಳಿಗ್ಗೆ ಎಂಟಕ್ಕೆ ಸೇರಿಸ್ಕೊಳ್ತಾರೆ. ಒಳಗೆ ಒಬ್ಬರನ್ನೇ ಬಿಡೋದಂತೆ. ನಿನ್ನ ಹೆಸರು ಬರೆದಿದೀನಿ. ಬರೋದಾದ್ರೆ ಇದರ ಕೆಳಗೆ ಸರಿ ಅಂತ ಹಾಕು ಸಾಕು. ಮಾತಾಡೋದು ಬೇಡ. ಸುಮ್ನೆ ಪಕ್ಕದಲ್ಲಿ ಕೂತಿರು.'

ವೈರಣ್ಣ ಟೀ ಕುಡಿದು ಬಂದಾಗ ನಾನು ಕುರ್ಚಿಯಲ್ಲಿರಲಿಲ್ಲ. ಆ ಇಪ್ಪತ್ತಾರನ್ನೂ ಹಾಳೆಯ ಮೇಲೆ ಅಚ್ಚು ಹಾಕಿಕೊಂಡು, ಯಾರಿಗೂ ಹೇಳದೆ ಭಾವನ ಮನೆಗೆ ಹೊರಟಿದ್ದೆ.

ಲಿಫ್ಟ್ ರಿಪೇರಿ ಮಾಡುವವರ ಕಟ್ಟಡದಲ್ಲಿ ಲಿಫ್ಟ್ ಇಲ್ಲ, ಮೂರು ಮಹಡಿ ಹತ್ತಬೇಕು. ಭಾವ ಬಾಗಿಲು ತೆರೆದು ಅಲ್ಲೇ ಅಡ್ಡ ನಿಂತರು. ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ನಾನು ಹಾಳೆಗಳನ್ನು ಚಾಚಿದೆ. ಅವರು ಮೊದಲ ಎರಡು ಸಾಲು ಓದಿ ವಾಪಸು ಕೊಟ್ಟರು.

"ಗೊತ್ತು. ಬರೆದಿದೀನಿ ಅಂತ ಹೇಳಿದ್ಲು. ದಿನಾ ಬಂದು ಹೇಳೋಳು, ಇವತ್ತೂ ತೆಗೆದು ನೋಡಿದ್ಲು, ಇವತ್ತೂ ಉತ್ರ ಬರೀಲಿಲ್ಲ ಅಂತ. ಈಗ ಇದನ್ನ ನನಗೆ ಯಾಕೆ ತಂದೆ?"

"ಭಾವ, ನಾನು ಓದಿಲ್ಲ" ಅಂದೆ. "ಇವತ್ತು ಓದಿದ್ದು. ಇವತ್ತು ಬೆಳಿಗ್ಗೆ. ನನಗೆ ಇದು ಕಾಣ್ತಾನೇ ಇರಲಿಲ್ಲ."

ಕಾಲಂ ಎಂದರೇನು, ಅದು ಒಬ್ಬರಿಗೆ ಕಂಡು ಇನ್ನೊಬ್ಬರಿಗೆ ಕಾಣದಿರುವುದು ಹೇಗೆ, ಬಾಗಿಲಲ್ಲೇ ನಿಂತು ಹೇಳಿದೆ. ನನ್ನ ಕಿವಿಗೇ ಅದು ಸುಳ್ಳಿನ ಹಾಗೆ ಕೇಳುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅವರು ಅಂದುಕೊಂಡರೆ ಏನು ಮಾಡುವುದು? ಅವರು ನನ್ನ ಬಾಯನ್ನೇ ನೋಡುತ್ತ ಕೊನೆಯವರೆಗೂ ಕೇಳಿದರು. ಯಂತ್ರಗಳ ಜೊತೆ ಬದುಕಿದ ಮನುಷ್ಯ, ಅವರಿಗೆ ಅರ್ಥವಾಗಲು ನನಗಿಂತ ಕಡಿಮೆ ಹೊತ್ತು ಹಿಡಿಯಿತು.

"ಕಾಲಿಂಗ್ ಬೆಲ್ಲಿಗೆ ವೈರೇ ಕೊಟ್ಟಿರಲಿಲ್ಲ" ಅಂದರು. "ಅವಳು ಒತ್ತುತ್ತಲೇ ಇದ್ಲು."

ಒಳಗೆ ಹೋಗಿ ಆಸ್ಪತ್ರೆಯ ಕಡತ ತಂದರು. ಮೇಲಿನ ಹಾಳೆಯೇ ಆ ಫಾರಂ. 'ಜೊತೆಗಿರುವವರು' ಎಂದು ನನ್ನ ಪದ, ಅದರ ಮುಂದೆ ಅಕ್ಕನ ದುಂಡು ಅಕ್ಷರದಲ್ಲಿ ನನ್ನ ಹೆಸರು, ಅದರ ಮುಂದೆ 'ಸಂಬಂಧ: ತಂಗಿ'.

"ನಾನು ಹೊರಗೆ ಬೆಂಚಿನ ಮೇಲಿದ್ದೆ" ಅಂದರು ಭಾವ. "ಹೆಸ್ರು ಬದಲಾಯಿಸಿ ನಿಮ್ಮೋರನ್ನ ಒಳಗೆ ಕರ್ಕೊಳ್ಳಿ ಅಂತ ನರ್ಸು ಎರಡು ಸಲ ಹೇಳಿದ್ಲು. ಇರಲಿ, ತಂಗಿ ಬರ್ತಾಳೆ ಅಂದಳಂತೆ. ಪಕ್ಕದಲ್ಲಿ ಕುರ್ಚಿ ಹಾಕಿಸ್ಕೊಂಡಿದ್ಲು. ಹತ್ತು ಗಂಟೆಗೆ ಆಪರೇಷನ್ನಿಗೆ ಕರ್ಕೊಂಡು ಹೋಗೋವರೆಗೂ ಆ ಕುರ್ಚಿ ಹಾಗೇ ಇತ್ತು."

ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಐದು ತಿಂಗಳಿನಿಂದ ಬರದ ಅಳು ಆಗ ಬಂತು. ಅವಳು ನನಗಾಗಿ ಎರಡು ಗಂಟೆ ಕಾದಿದ್ದಳು, ನಾನು ಆ ಗುರುವಾರ ಇದೇ ಊರಿನಲ್ಲಿ, ಹತ್ತು ನಿಲ್ದಾಣ ದೂರದಲ್ಲಿ, ಕೆಮ್ಮಿನ ಔಷಧಿಯ ಚೀಟಿಯೊಂದನ್ನು ಅನುವಾದ ಮಾಡುತ್ತ ಕೂತಿದ್ದೆ. ಭಾವ ನನ್ನ ಪಕ್ಕ ಬಂದು ಕೂತರು. ಅವರ ಕೈ ನನ್ನ ತಲೆಯ ಮೇಲೆ ಬಂತು.

"ನೀನು ಓದಿಲ್ಲ ಅಂತ ನನಗೆ ಗೊತ್ತಾಯ್ತು" ಅಂದರು. "ಅದನ್ನ ಈಗ ಅವಳಿಗೆ ಯಾರು ಹೇಳೋದು?"

ಮಾರನೆಯ ದಿನ ನಮ್ಮ ಕಚೇರಿಯ ದೊಡ್ಡ ಮೇಡಂ ಪಟ್ಟಿ ನೋಡಿದರು. "ಹತ್ತು ಸಾಕಲ್ಲ, ಇದ್ಯಾಕೆ ಹನ್ನೊಂದನೇದು? ತೆಗೆದುಬಿಡಿ. ಪದಕೋಶ ಏನು ನೋಟೀಸ್ ಬೋರ್ಡಾ?" ಎಂದರು. ಮೊದಲಾಗಿದ್ದರೆ ಅಲ್ಲೇ ಕುರುಕ್ಷೇತ್ರ ಮಾಡುತ್ತಿದ್ದೆ. ನಾನು ಕೂಗಲಿಲ್ಲ. ಆ ಕಾಲಂ ಅಕ್ಕನದು, ಒಬ್ಬಳು ಓದಲೆಂದು ಮಾತ್ರ ಬರೆದದ್ದು, ಆ ಒಬ್ಬಳು ಅದನ್ನು ಓದಿದ್ದು ನಿನ್ನೆ ಎಂದು ಹೇಳಿದೆ. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ವೈರಣ್ಣನಿಗೆ ಹೇಳಿ, ಜಾಗ ಮಾಡಲಿ" ಅಂದರು.

ಶುಕ್ರವಾರ ಮಧ್ಯಾಹ್ನ ಎಲ್ಲ ಹೊಸದಕ್ಕೆ ಬಂತು. ಲಕ್ಷಾಂತರ ವಾಕ್ಯ, ಸಾವಿರಾರು ಪದ, ಹನ್ನೊಂದು ಕಾಲಂ. ಹನ್ನೊಂದನೆಯದು ನನ್ನೊಬ್ಬಳ ತೆರೆಯ ಮೇಲೆ ಮಾತ್ರ ಕಾಣುವಂತೆ ವೈರಣ್ಣ ತಾವೇ ಟಿಕ್ ಹಾಕಿ, ಎರಡು ಸಲ ತೆಗೆದು ನೋಡಿ, ಮೂರನೆಯ ಸಲ ನನ್ನಿಂದ ತೆಗೆಸಿ ನೋಡಿದರು. "ಹೆಸ್ರು, ತಾರೀಖು, ಗಂಟೆ, ಎಲ್ಲ ಹಾಗೇ ಬಂದಿದೆ ನೋಡಮ್ಮ" ಎಂದು ತೋರಿಸಿ ಹೋದರು.

ನಾನು 'ಜೊತೆಗಿರುವವರು' ತೆರೆದೆ. ಕೊನೆಗೆ ತಿದ್ದಿದವರು, ಅಕ್ಕ. ಮಧ್ಯಾಹ್ನ ಹನ್ನೆರಡು ಗಂಟೆ ಹದಿನೇಳು ನಿಮಿಷ. ಆ ಹೊತ್ತಿಗೆ ಅವಳು ನನ್ನ ಬೆನ್ನ ಹಿಂದೆ, ಎರಡೇ ಹೆಜ್ಜೆ ದೂರದಲ್ಲಿ ಕೂತು ಇದನ್ನು ಬರೆದಿದ್ದಳು. ಅವಳ ಕೀಲಿಮಣೆಯ ಟಕಟಕ ನನಗೆ ಕೇಳಿಸಿರಲೇಬೇಕು.

ಅವಳ ಕೊನೆಯ ಸಾಲಿನ ಕೆಳಗೆ 'ಸರಿ' ಎಂದು ಬರೆದೆ. ಎರಡೇ ಅಕ್ಷರ. ಬರೆದು ನೋಡಿದರೆ ಅವೂ ಅವಳ ಮಾತಿನ ಜೊತೆಯಲ್ಲೇ ಹುಟ್ಟಿದವೇನೋ ಎಂಬಂತೆ ಅಲ್ಲಿ ಕೂತಿದ್ದವು. ಉಳಿಸಬೇಕೇ ಎಂದು ಕಂಪ್ಯೂಟರ್ ಕೇಳಿತು.

ಉಳಿಸಿದರೆ ನನ್ನ ಹೆಸರು ಬಂದು ಕೂರುತ್ತದೆ, ಇವತ್ತಿನ ತಾರೀಖು ಬಂದು ಕೂರುತ್ತದೆ. ಅಕ್ಕನ ಹೆಸರು, ಆ ದಿನ, ಆ ಹನ್ನೆರಡು ಗಂಟೆ ಹದಿನೇಳು ನಿಮಿಷ ಅಳಿಸಿ ಹೋಗುತ್ತದೆ. ಅವಳು ನನ್ನನ್ನು ಕೊನೆಯ ಸಲ ಕರೆದ ಗಳಿಗೆ ಎಲ್ಲಾದರೂ ಉಳಿದಿದ್ದರೆ ಅದು ಆ ಒಂದು ಸಾಲಿನಲ್ಲಿ ಮಾತ್ರ.

ಹಿಂದಿನ ಮೇಜಿನಲ್ಲಿ ಹೊಸಬರು ಯಾರೋ ಏನೋ ಬರೆಯುತ್ತಿದ್ದರು. ಒಮ್ಮೆ ತಿರುಗಿ ನೋಡಿದೆ.

ಆಮೇಲೆ 'ಬೇಡ' ಎಂಬುದನ್ನು ಒತ್ತಿದೆ. ನನ್ನ ಎರಡು ಅಕ್ಷರಗಳು ಹೋದವು, ಅಕ್ಕನ ಹೆಸರು ಉಳಿಯಿತು. ಈ ಸಲವೂ ನಾನು ಅವಳಿಗೆ ಉತ್ತರ ಬರೆಯಲಿಲ್ಲ. ಈ ಸಲ ಓದಿ, ಬರೆಯಲಿಲ್ಲ.